ಎಣ್ಣೆಬಟ್ಟೆಯ ಚೀಲ

ಗಂಡನ ಜೊತೆಗೇ ಜೀಪಿನಲ್ಲಿ ಬಂದಿದ್ದ ಬಕೆಟ್ಟನ್ನು ಸುರಿದು, ಎಣ್ಣೆಯಲ್ಲಿ ತೊಯ್ದ ಬಟ್ಟೆಗಳನ್ನೆಲ್ಲ ತೀರ್ಥಮ್ಮ ಉಂಡೆ ಮಾಡಿ ಗೋಣಿಚೀಲಕ್ಕೆ ತುರುಕುತ್ತಿದ್ದಳು.

“ಬಿಡಮ್ಮ, ಆಮೇಲೆ ನಾನ್ ತೆಗಿತೀನಿ,” ಅಂದಳು ಮಗಳು ಕೃತಿಕಾ.

“ಬಂದೋರೆಲ್ಲ ಈ ಗಲೀಜು ನೋಡ್ಬೇಕೇನೇ?”

ಚೀಲವನ್ನು ಜಗಲಿಯ ಮೂಲೆಗೆ ತಳ್ಳಿ, ಗಂಡನ ಪಕ್ಕ ಹೋಗಿ ಕೂತಳು.

ಪಂಚಾಕ್ಷರಪ್ಪ ಮರದ ಡೆಕ್ಕುಗಳಿಗೆ ಬಣ್ಣ ಕೊಡುವವನು. ತರೀಕೆರೆ ಕಡೆಯ ಹೊಸ ಮನೆಗಳಲ್ಲಿ, ಹೋಂಸ್ಟೇಗಳಲ್ಲಿ ಅಂಗಳಕ್ಕೆ ಚಾಚಿದ ಹಲಗೆಯ ನೆಲವನ್ನು ಉಜ್ಜಿ, ಅಗಸೆ ಎಣ್ಣೆಯಲ್ಲಿ ಕಲೆಸಿದ ಬಣ್ಣವನ್ನು ಬಟ್ಟೆಯಿಂದ ತಿಕ್ಕಿ ತಿಕ್ಕಿ ಮರಕ್ಕೆ ಕುಡಿಸುತ್ತಿದ್ದ. ಮಳೆಗಾಲ ಮುಗಿಯಿತೆಂದರೆ ಆಸಾಮಿ ಕೈಗೆ ಸಿಗುತ್ತಿರಲಿಲ್ಲ. ಇಂದು ಬೆಳಗ್ಗೆ ಅಂಥದೊಂದು ಡೆಕ್ಕಿನ ಮೇಲೆ ಮಂಡಿಯೂರಿದವನು ಹಾಗೆಯೇ ಮುಂದಕ್ಕೆ ಬಿದ್ದು, ಮತ್ತೆ ಏಳಲೇ ಇಲ್ಲವಂತೆ. ಹೋಂಸ್ಟೇ ನೋಡಿಕೊಳ್ಳುವ ಮುದ್ದಪ್ಪ ಅಜ್ಜಂಪುರಕ್ಕೆ ತಂದಿಳಿಸಿದ್ದ. ಈಗ ತನ್ನ ಮನೆಯ ಜಗಲಿಯಲ್ಲಿ, ಹಣೆತುಂಬ ವಿಭೂತಿ ಬಳಿಸಿಕೊಂಡು, ಗೋಡೆಗೊರಗಿ ಕೂತಿದ್ದ.

ಮಧ್ಯಾಹ್ನದ ಹೊತ್ತಿಗೆ ದೇವನೂರಿನಿಂದ ಅವನ ತಮ್ಮ ಬಸವೇಶ ಬಂದ.

“ಇವ್ನಿಗ್ಯಾರು ಹೇಳ್ಕಳ್ಸಿದ್ದು?” ತೀರ್ಥಮ್ಮ ಪಕ್ಕದಲ್ಲಿದ್ದ ತನ್ನ ತಮ್ಮ ಕಾಂತರಾಜನನ್ನು ಕೇಳಿದಳು.

“ನಾನೇ ಕಣಕ್ಕ. ಒಡಹುಟ್ಟಿದೋನು, ಮಣ್ಣಾದ್ರೂ ಹಾಕ್ಲಿ.”

“ಬೆಂಕಿ ಇಟ್ಟ ಕೈಲಿ ಮಣ್ಣು ಹಾಕ್ತಾನಾ? ನಾನಿರೋವರ್ಗೂ ಆಗಲ್ಲ.”

ಬಸವೇಶನಿಗೆ ಕೇಳಿಸಿತು. ಜಗಲಿ ಹತ್ತದೆ ಅಂಗಳದಲ್ಲೇ ಕೂತ. ತೀರ್ಥಮ್ಮನ ಕಣ್ಣು ಅವನನ್ನು ಬಿಡಲಿಲ್ಲ. ಕಣ್ಣೊರೆಸಿಕೊಂಡರೆ ನಾಟಕ, ತಲೆ ತಗ್ಗಿಸಿದರೆ ಲೆಕ್ಕಾಚಾರ. ಆಗಾಗ ಮೂಗರಳಿಸಿ ಜಗಲಿಯ ಮೂಲೆಯತ್ತ ನೋಡುತ್ತಿದ್ದಾನಲ್ಲ, ಏನು ಹುಡುಕುತ್ತಿದ್ದಾನೆ ಇವನು?

* * *

ಎಷ್ಟೋ ವರ್ಷದ ಹಿಂದೆ, ಜಾಗದ ಖಾತೆಯ ವಿಚಾರಕ್ಕೆ ಅಣ್ಣತಮ್ಮಂದಿರು ಜಗಳವಾಡಿದ ದಿನ. ನ್ಯಾಯ ಹೇಳಲು ಹಿರಿಯರು ಬರುತ್ತಾರೆಂದು ತೀರ್ಥಮ್ಮ ಮನೆಯನ್ನೆಲ್ಲ ಚೊಕ್ಕಟ ಮಾಡಿ, ಗಂಡ ಆಗಷ್ಟೇ ತಂತಿಗೆ ಹಾಕಿದ್ದ ಎಣ್ಣೆಬಟ್ಟೆಗಳನ್ನು ಬಾಚಿ ಚೀಲಕ್ಕೆ ತುಂಬಿ ಹಿತ್ತಲ ಶೆಡ್ಡಿನಲ್ಲಿಟ್ಟಿದ್ದಳು. ಮಾತಿಗೆ ಮಾತು ಬೆಳೆದು ಬಸವೇಶ, “ಹಾಳಾಗೋಗ್ಲಿ ಎಲ್ಲ!” ಎಂದು ಹಿತ್ತಲಿನಿಂದಲೇ ಹೊರಟುಹೋದ. ಸಂಜೆಗೆ ಶೆಡ್ಡು ಹೊತ್ತಿ ಉರಿಯಿತು.

ತೀರ್ಥಮ್ಮ ಬೀದಿಯಲ್ಲಿ ನಿಂತು ಮೈದುನನ ಹೆಸರು ಹಿಡಿದು ಕೂಗಿದಳು. ಊರು ನಂಬಿತು. ಬಸವೇಶ ಹೆಂಡತಿಯ ಊರು ದೇವನೂರು ಸೇರಿದ.

ಪಂಚಾಕ್ಷರಪ್ಪ ಮಾತ್ರ ಬೂದಿ ಕೆದಕುತ್ತ, “ಬಟ್ಟೆ ಚೀಲ ಎಲ್ಲಿಟ್ಟಿದ್ದೆ?” ಎಂದು ಕೇಳಿದ್ದ. ತೋರಿಸಿದಳು. ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಅಲ್ಲಿಂದಾಚೆ ಬಟ್ಟೆಗಳನ್ನು ಅವನೇ ಒಂದೊಂದಾಗಿ ಬಿಡಿಸಿ ಒಣಹಾಕುತ್ತಿದ್ದ. “ನೀನ್ ಮುಟ್ಬೇಡ ಕಣೇ, ಕೈಗೆ ಬಣ್ಣ ಹತ್ತುತ್ತೆ,” ಅನ್ನುತ್ತಿದ್ದ. ಎಂಥ ಅಕ್ಕರೆ ಎಂದು ಅವಳು ಹಿಗ್ಗಿದ್ದಳು.

* * *

ಐನೋರು ಹೆಣ ಹೊರಡಿಸುವ ಸಿದ್ಧತೆಯಲ್ಲಿದ್ದಾಗ ಬಸವೇಶ ದಡಕ್ಕನೆ ಎದ್ದು ಜಗಲಿಗೆ ಹಾರಿದ.

“ಹಿಡ್ಕಳ್ರೋ ಅವನ್ನ!” ತೀರ್ಥಮ್ಮ ಕಿರುಚಿದಳು.

ಅವನು ಮೂಲೆಯ ಚೀಲವನ್ನು ಅಂಗಳಕ್ಕೆಳೆದು ಕೊಡವಿದ. ಹೊಗೆಯುಗುಳುತ್ತ ಉರುಳಿದ ಬಟ್ಟೆಯುಂಡೆ ಬಿಚ್ಚಿಕೊಂಡು ಭಗ್ಗೆಂದು ಹೊತ್ತಿತು. ಬರಿಗಾಲಲ್ಲೇ ತುಳಿದ. ಕೃತಿಕಾ ನೀರು ಸುರಿದಳು.

“ಯಾವನೋ ಅದ್ರೊಳಗೆ ಬೀಡಿ ಎಸ್ದೋನು?” ಕಾಂತರಾಜ ಗದರಿದ.

“ಯಾರೂ ಹತ್ರಕ್ಕೇ ಹೋಗಿಲ್ಲ ಮಾವ,” ಅಂದಳು ಕೃತಿಕಾ.

ಜೀಪಿನ ಬಳಿಯಿಂದ ಮುದ್ದಪ್ಪ ಓಡಿಬಂದ. “ಅಯ್ಯೋ, ಎಣ್ಣೆಬಟ್ಟೆ ಹಿಂಗೆ ತುಂಬ್ತಾರೇನಮ್ಮ? ತಾನೇ ಕಾವು ಹುಟ್ಟಿ ಹತ್ಕಂಬಿಡುತ್ತೆ! ನಿಮ್ ಯಜಮಾನ್ರು ನಂಗೆ ಹೇಳ್ದೆ ಇರೋ ದಿನಾನೇ ಇಲ್ಲ. ಹಿಂಗೇ ನಮ್ ಶೆಡ್ಡು ಹೋಯ್ತು ಮುದ್ದಪ್ಪ, ಅಂತಿದ್ರು.”

ತೀರ್ಥಮ್ಮ ಜಗಲಿಯಿಂದ ಇಳಿದು ಬಂದಳು. ಬಸವೇಶ ಸುಟ್ಟ ಪಾದ ಹಿಡಿದು ಕೂತಿದ್ದ.

“ಬಸವೇಶಪ್ಪ,” ಅಂದಳು. ಎಷ್ಟೋ ವರ್ಷದ ಮೇಲೆ ಅವನ ಹೆಸರನ್ನು ಬಯ್ಯದೆ ಕರೆದಿದ್ದಳು. “ಮೊದ್ಲು ಮಣ್ಣು ನೀನೇ ಹಾಕ್ಬೇಕು ಕಣಪ್ಪ.”

ಅವನು ಮುಖವೆತ್ತಿದ. “ಅಣ್ಣಂಗೆ ಗೊತ್ತಿತ್ತಾ ಅತ್ಗೆ?”

ಮಧ್ಯಾಹ್ನದಿಂದ ಮೈದುನನನ್ನೇ ಕಾವಲು ಕಾಯುತ್ತಿದ್ದ ಅವಳ ಕಣ್ಣು ನಿಧಾನವಾಗಿ ಗಂಡನ ಕಡೆ ತಿರುಗಿತು. ಬಾಯಿ ತೆರೆದುಕೊಳ್ಳದಿರಲೆಂದು ಅವನ ಗದ್ದದಿಂದ ನೆತ್ತಿಗೆ ಕಟ್ಟಿದ್ದ ಬಿಳಿಬಟ್ಟೆಯನ್ನು ಐನೋರು ಇನ್ನೊಮ್ಮೆ ಎಳೆದು ಬಿಗಿಯುತ್ತಿದ್ದರು.