ಒಳಗೆ ಬಿಟ್ಟ ಬಟ್ಟೆ

ಚುಚ್ಚಿತು, ಎಡಪಕ್ಕೆಯಲ್ಲಿ, ಎಲುಬು ಮುಗಿಯುವ ಕಡೆ, ಈಗ ಇಲ್ಲ, ಉಸಿರೆಳೆದರೆ ಮತ್ತೆ ಇದೆ — ಎದುರಿನ ಗೋಡೆಯ ಬಣ್ಣ ತೇವಕ್ಕೆ ಉಬ್ಬಿ ನಿಂತ ಜಾಗದಲ್ಲೇ ಕಣ್ಣು ನೆಟ್ಟು ಇವನು ಅಲುಗದೆ ಕೂತ, ಬಂತು ಹಾಗಾದರೆ, ಪಕ್ಕೆಗೂ ಬಂತು, ಹೊಟ್ಟೆಯೊಂದು ಸಾಲದಾಯಿತು ಆ ಗಡ್ಡೆಗೆ, ಹೇಳಬೇಕೋ ಬೇಡವೋ, ಪಕ್ಕದ ಕುರ್ಚಿಯಲ್ಲಿ ಹೆಂಡತಿ ಇದ್ದಾಳೆ, ಮಡಿಲಲ್ಲಿ ಆಸ್ಪತ್ರೆಯ ಚೀಲ, ಚೀಲದೊಳಗೆ ಬಿಸಿನೀರಿನ ಫ್ಲಾಸ್ಕು, ಹೇಳಿದರೆ ಎದ್ದು ನರ್ಸಮ್ಮನ ಬಳಿ ಓಡುತ್ತಾಳೆ, ಓಡಿ ಬಂದು ಏನೂ ಇಲ್ವಂತೆ ರೀ ಎಂದು ನಗುತ್ತಾಳೆ, ಆ ನಗುವನ್ನು ನೋಡುವುದಕ್ಕಿಂತ ಈ ಚುಚ್ಚೇ ವಾಸಿ. ಮೊದಲೆಲ್ಲ ಹೀಗಿರಲಿಲ್ಲ, ದಿನವಿಡೀ ಮೆಷಿನ್ನಿನ ಮುಂದೆ ಬಗ್ಗಿ ಹೊಲಿದು ಬೆನ್ನು ಹಿಡಿದರೆ ಅದು ಬೆನ್ನು ಅಷ್ಟೇ, ತಲೆ ನೋಯುತ್ತಿದ್ದರೆ ತಲೆ, ಈಗ ಉಗುರಿನ ಸಂದಿ ಉರಿದರೂ ಅದೇ ಇರಬಹುದು ಎನ್ನುತ್ತದೆ ಮನಸ್ಸು, ಹಾಳಾದ್ದು, ಅದಕ್ಕೆ ಬೇರೆ ಕೆಲಸವೇ ಇಲ್ಲ.

ಮನಸ್ಸು ಹೇಗಿದೆ ಅಂತ ಕೇಳಿದ್ದರು ಆಪ್ತಸಲಹೆಯ ಮೇಡಂ, ಹೋದ ಸಲ, ಈ ಕಾರಿಡಾರಿನ ಕೊನೆಯ ಆ ಪುಟ್ಟ ಕೋಣೆಯಲ್ಲಿ, ಮೇಜಿನ ಮೇಲೆ ಪ್ಲಾಸ್ಟಿಕ್ ಹೂವು, ಅದರ ಎಲೆಗೆ ಧೂಳು, ಕಣ್ಣೊರೆಸುವ ಕಾಗದದ ಡಬ್ಬಿಯನ್ನು ಮೊದಲೇ ಇವನತ್ತ ಸರಿಸಿಟ್ಟಿದ್ದರು, ಇವನು ಅತ್ತೇ ತೀರುತ್ತಾನೆ ಎಂಬಂತೆ. ಮನಸ್ಸಿಗೇನ್ ಮೇಡಂ, ಅದರ ಅಳತೆ ಯಾರು ತಗೊಂಡಿದ್ದಾರೆ, ಎಂದ ಇವನು, ಅವರು ನಕ್ಕರು, ಆದರೆ ಬಿಡಲಿಲ್ಲ, ಮನೇಲಿ ಯಾರ ಹತ್ರ ಮಾತಾಡ್ತೀರಿ ಎಂದರು, ಹೆಂಡ್ತಿ ಹತ್ರ, ಎಲ್ಲಾನೂ ಹೇಳ್ಕೋತೀನಿ — ನಾಲಿಗೆ ತಡವರಿಸದೆ ಹೇಳಿದ ಆ ಸುಳ್ಳು ಎಷ್ಟು ಸಲೀಸಾಗಿ ಬಂತಲ್ಲ. ಹೇಳಿಕೊಳ್ಳುವುದಕ್ಕೆ ಜಾಗವಾದರೂ ಎಲ್ಲಿದೆ, ಭಾವಮೈದ ಬರುತ್ತಾನೆ, ಭಾವ ನೀವು ಹುಲಿ ಕಣ್ರೀ ಎಂದು ಬೆನ್ನು ತಟ್ಟುತ್ತಾನೆ, ಅಂಗಡಿಯ ಪಕ್ಕದ ಬೀಗ ರಿಪೇರಿಯವನು ಬಂದು ಟೈಲರಣ್ಣನ ಧೈರ್ಯ ನೋಡಿ ನಾವು ಕಲೀಬೇಕು ಎನ್ನುತ್ತಾನೆ, ಎಲ್ಲರೂ ಧೈರ್ಯ ಕಲಿತು ಎದ್ದು ಹೋದ ಮೇಲೆ ಹುಲಿ ಗೋಡೆಯ ಕಡೆ ತಿರುಗಿ ಮಲಗುತ್ತದೆ, ಹುಲಿಗೂ ಸುಸ್ತಾಗುತ್ತದೆ, ಹುಲಿಗೆ ಭಯವಾಗುತ್ತದೆ ಎಂದು ಯಾರ ಬಳಿ ಹೇಳುವುದು, ಪಕ್ಕದಲ್ಲೇ ಮಲಗಿದವಳು ನಿದ್ದೆ ಬಂದಂತೆ ನಟಿಸುತ್ತಾಳೆ, ಇವನೂ ನಟಿಸುತ್ತಾನೆ, ಇಬ್ಬರದೂ ಒಳ್ಳೇ ಸಂಸಾರ.

ಮತ್ತೆ ಚುಚ್ಚಿತು. ಇರಲಿ, ತೂಕ ಇಳಿದಿಲ್ಲವಲ್ಲ, ಅದೊಂದಿದೆ ಕೈಯಲ್ಲಿ, ಇಲ್ಲಿನ ತೂಕದ ಯಂತ್ರ ಪ್ರತಿಸಲವೂ ಇಳಿಸಿಯೇ ತೋರಿಸುತ್ತದೆ, ನಿಮ್ಮ ಯಂತ್ರ ಕೆಟ್ಟಿದೆ ತಾಯಿ ಎಂದು ನರ್ಸಮ್ಮನಿಗೆ ಎಷ್ಟು ಸಲ ಹೇಳಿಲ್ಲ, ಅಂಗಿ ನೋಡಿ, ನಾನೇ ಹೊಲ್ಕೊಂಡಿದ್ದು, ಹೋದ ವರ್ಷ ಹೆಂಗಿತ್ತೋ ಹಂಗೇ ಮೈಗೆ ಕೂತಿದೆ, ಯಂತ್ರ ಸುಳ್ಳು ಹೇಳಬಹುದು, ಕನ್ನಡಿ ಸುಳ್ಳು ಹೇಳಬಹುದು, ಅಂಗಿ ಹೇಳಲ್ಲ — ಎಂದುಕೊಳ್ಳುತ್ತ ಚುಚ್ಚಿದ ಕಡೆಗೆ ಕೈ ಹೋಯಿತು, ಮೆಲ್ಲಗೆ, ಅವಳಿಗೆ ಕಾಣದ ಹಾಗೆ, ಬೆರಳಿಗೆ ಸಿಕ್ಕಿದ್ದು ಎಲುಬಲ್ಲ, ಗಂಟಲ್ಲ, ಒಂದು ಪುಟ್ಟ ಗುಂಡುತಲೆ, ಗಾಜಿನದು, ನುಣುಪು. ಗುಂಡುಪಿನ್ನು! ನಗು ಬಂತು, ಹೊಟ್ಟೆಯೊಳಗಿಂದ ಬಂತು, ಅಯ್ಯೋ ನಿನ್ನ, ಪಿನ್ನಿಗೆ ಹೆದರಿ ಕೂತಿದ್ದೆನಲ್ಲಾ, ಇಷ್ಟು ಕಾಲ ಪಿನ್ನುಗಳ ನಡುವೆಯೇ ಬದುಕಿದವನು, ಬಾಯಲ್ಲಿ ಕಚ್ಚಿಕೊಂಡೇ ಗಿರಾಕಿಗಳ ಜೊತೆ ಮಾತಾಡಿದವನು — ನಗು ಅಲ್ಲಿಗೇ ನಿಂತಿತು, ಅಂಗಿಯಲ್ಲಿ ಪಿನ್ನು ಯಾಕೆ.

ಬೆರಳು ಬೇಡವೆಂದರೂ ಕೇಳಲಿಲ್ಲ, ಅಂಗಿಯೊಳಗೆ ಇಳಿದು ಪಕ್ಕದ ಹೊಲಿಗೆ ಹಿಡಿದು ಕಂಕುಳಿನವರೆಗೆ ಹೋಯಿತು, ಇವನ ಮೆಷಿನ್ನಿನ ಹೊಲಿಗೆಗಿಂತ ಒಳಗೆ ಇನ್ನೊಂದು ಹೊಲಿಗೆ, ಕೈಹೊಲಿಗೆ, ಉದ್ದುದ್ದ, ಸಡಿಲ, ಕಾಜಾ ಗುಂಡಿ ಅಂಚು ಎಲ್ಲ ಅವಳದೇ ಕೆಲಸ ಅಂಗಡಿಯಲ್ಲಿ, ಅವಳ ದಾರ ಎಳೆಯುವ ರೀತಿ ಕತ್ತಲಲ್ಲೂ ಗೊತ್ತಾಗುತ್ತದೆ ಇವನಿಗೆ, ಅಂಗಿಯನ್ನು ಒಳಕ್ಕೆ ಹಿಡಿದು ಚಿಕ್ಕದು ಮಾಡಿದ್ದಾಳೆ, ಮೈ ಇಳಿದ ಹಾಗೆಲ್ಲ ಒಗೆದು ಇಸ್ತ್ರಿ ಮಾಡುವ ನೆಪದಲ್ಲಿ ಹಿಡಿಯುತ್ತಲೇ ಬಂದಿದ್ದಾಳೆ, ಇದೊಂದೇ ಅಲ್ಲ, ನೀಲಿಯದನ್ನೂ, ಗೆರೆಯದನ್ನೂ, ಪ್ಯಾಂಟಿನ ಸೊಂಟವನ್ನೂ. ಗೊತ್ತಿರಲಿಲ್ಲವೇ, ಬಾಗಿಲಲ್ಲಿ ನಿಂತವರ ಅಳತೆಯನ್ನು ಕಣ್ಣಲ್ಲೇ ಹಿಡಿಯುವವನಿಗೆ ಗೊತ್ತಾಗದೇ ಇರುತ್ತದೆಯೇ, ಬೆರಳು ಅತ್ತ ಹೋಗದಂತೆ ಇವನೇ ನೋಡಿಕೊಂಡಿದ್ದ, ಅಷ್ಟೇ. ಹಾಗಾದರೆ ಯಂತ್ರ ಕೆಟ್ಟಿರಲಿಲ್ಲ. ಅಂಗಿಯೂ ಸುಳ್ಳು ಹೇಳಿತು, ಇದ್ದದ್ದೊಂದು ಅದೇ, ಅದನ್ನೂ ಕಿತ್ತುಕೊಂಡಳು, ಸಿಟ್ಟು ಏರಿತು, ಏರಿದ್ದು ಅರ್ಧಕ್ಕೇ ದಣಿಯಿತು, ಸಿಟ್ಟು ಮಾಡಲೂ ಮೈಯಲ್ಲಿ ಕಸುವು ಬೇಕು. ಬೆರಳು ಮಾತ್ರ ಇನ್ನೂ ಅಲ್ಲೇ ಇದೆ, ಏನೋ ಹೆಚ್ಚಾಗಿ ಸಿಗುತ್ತಿದೆ, ದಪ್ಪ, ಮಡಿಕೆ, ಅಂಗಿ ಹಿಡಿದರೆ ಮಿಕ್ಕ ಬಟ್ಟೆ ಕತ್ತರಿಸಬೇಕು, ಇಲ್ಲದಿದ್ದರೆ ಒಳಗೆ ಒತ್ತುತ್ತದೆ, ಇವನೇ ಕಲಿಸಿದ್ದು ಅವಳಿಗೆ, ಅವಳು ಕತ್ತರಿಸಿಲ್ಲ. ಒಂದೆಳೆಯನ್ನೂ ಕತ್ತರಿಸಿಲ್ಲ. ಇಡೀ ಬಟ್ಟೆ ಒಳಗೆ ಮಡಿಸಿಟ್ಟಿದ್ದಾಳೆ, ಬೆಳೆಯುವ ಮಕ್ಕಳ ಅಂಗಿಗೆ ಬಿಡುತ್ತಾರಲ್ಲ ಹಾಗೆ, ಒಳಗೆ ಬಟ್ಟೆ ಬಿಟ್ಟಿದ್ದೀನಮ್ಮ, ಮಗು ಮೈ ಕೈ ತುಂಬ್ಕೊಂಡಾಗ ಬಿಚ್ಚಿ ಕೊಡ್ತೀನಿ ಎಂದು ಎಷ್ಟು ತಾಯಂದಿರಿಗೆ ಹೇಳಿಲ್ಲ ಇವನು, ಅದಕ್ಕೇ ಈ ಸಡಿಲ ಹೊಲಿಗೆ, ದಾರದ ತುದಿ ಹಿಡಿದು ಎಳೆದರೆ ಸರ್ರನೆ ಬಿಚ್ಚಿಕೊಳ್ಳಲಿ ಎಂದು, ಇವನು ಮತ್ತೆ ತುಂಬಿಕೊಳ್ಳುತ್ತಾನೆ ಎಂದು, ಯಾವಾಗ ಹೊಲಿದಳು, ಎಲ್ಲಿ ಕೂತು, ಬಚ್ಚಲಲ್ಲೋ, ಕಣ್ಣಲ್ಲಿ ನೀರಿದ್ದಿರಬೇಕು, ಇಲ್ಲದಿದ್ದರೆ ಅವಳು ಪಿನ್ನು ಮರೆಯುವವಳಲ್ಲ, ಗಿರಾಕಿಯ ಬಟ್ಟೆಯಲ್ಲಿ ಅವಳು ಇದುವರೆಗೆ ಒಂದು ಪಿನ್ನೂ ಬಿಟ್ಟಿಲ್ಲ.

ಪಿನ್ನು ಎಳೆದು ತೆಗೆದ. ಗಾಜಿನ ತಲೆ ನೀಲಿ. ಆಪ್ತಸಲಹೆಯ ಕೋಣೆಯ ಬಾಗಿಲು ತೆರೆಯಿತು, ಯಾರೋ ಮೂಗೊರೆಸಿಕೊಳ್ಳುತ್ತ ಹೊರಗೆ ಬಂದರು, ಮುಂದಿನ ಸರದಿ ತನ್ನದೇ, ಒಳಗೆ ಹೋಗಿ ಮತ್ತೆ ಎಲ್ಲಾ ಚೆನ್ನಾಗಿದೆ ಎನ್ನಬೇಕು, ಸಾಕಪ್ಪಾ, ಸಾಕು. ಪಿನ್ನು ಬಿಟ್ಟಿದ್ದೀಯಲ್ಲೇ, ಎಂದ, ಗೋಡೆಯನ್ನೇ ನೋಡುತ್ತ. ಪಕ್ಕದಲ್ಲಿ ಚೀಲದ ಸದ್ದು ನಿಂತಿತು, ಈಗ ನಗುತ್ತಾಳೆ, ಏನೂ ಇಲ್ಲ ರೀ ಎನ್ನುತ್ತಾಳೆ ಎಂದು ಕಾದ. ನಗಲಿಲ್ಲ. ಅಂಗಡಿಯಲ್ಲಿ ಪಿನ್ನಿಗೆ ಚಾಚುತ್ತಿದ್ದ ಹಾಗೆಯೇ ಅವಳ ಅಂಗೈ ಇವನತ್ತ ಬಂತು, ಪಿನ್ನು ಅದರಲ್ಲಿಟ್ಟ, ಎಲ್ಲಿ ಚುಚ್ತು ರೀ, ಎಂದಳು, ಯಾವ ಡಾಕ್ಟರೂ ಇಷ್ಟು ಮೆಲ್ಲಗೆ ಕೇಳಿರಲಿಲ್ಲ. ಪಕ್ಕೆ ತೋರಿಸಲು ಎತ್ತಿದ ಕೈ ಪಕ್ಕೆಗೆ ಹೋಗಲಿಲ್ಲ, ಎಲ್ಲಿಗೆ ಹೋಗಬೇಕೆಂದೇ ತಿಳಿಯದೆ ನಡುವೆ ನಿಂತಿತು. ಎಲ್ಲಾ ಕಡೆ ಕಣೇ, ಎಂದ, ಭಯ ಆಗ್ತಿದೆ. ಒಳಗಿನಿಂದ ಕರೆದರು, ಇನ್ನೊಮ್ಮೆ ಕರೆದರು, ಇಬ್ಬರೂ ಏಳಲಿಲ್ಲ, ಅವಳ ಅಂಗೈ ಇನ್ನೂ ಚಾಚಿಯೇ ಇದೆ, ಅದರ ನಡುವೆ ಪಿನ್ನು, ನೀಲಿ ಗುಂಡುತಲೆ, ಪಿನ್ನು —