ಕರಿ ನಾಕು

ನನ್ನ ಬಾಯಿ ಸ್ವಲ್ಪ ಜೋರು ಕಣ್ರೀ. ಮಾರೇನಹಳ್ಳಿಯಲ್ಲಿ ಯಾರನ್ನ ಬೇಕಾದ್ರೂ ಕೇಳಿ, "ಪ್ಲೇಟ್ ಶಶಿಕಲಾ ಆಂಟಿನಾ? ಹುಷಾರು" ಅಂತಾರೆ. ಹಳೇ ಗ್ರಾಮಫೋನ್ ಪ್ಲೇಟುಗಳ ಹಾಡನ್ನ ಕಂಪ್ಯೂಟರಿಗೆ ಏರಿಸಿಕೊಡೋದು ನನ್ನ ಕೆಲಸ. ಪ್ಲೇಟ್ ತೊಳೆದು, ಒಣಗಿಸಿ, ಒಳ್ಳೇ ಮುಳ್ಳು ಹಾಕಿ ರೆಕಾರ್ಡ್ ಮಾಡ್ತೀನಿ. ಚಟಪಟ ಸದ್ದನ್ನ ಹದವಾಗಿ ತೆಗೀತೀನಿ. ಪೂರ್ತಿ ತೆಗೆದ್ರೆ ಹಾಡೋರ ಉಸಿರೂ ಅದರ ಜೊತೆಗೇ ಹೋಗ್ಬಿಡುತ್ತೆ. ನನ್ನ ಕೆಲಸದಲ್ಲಿ ಹುಳುಕು ಹುಡುಕಿದ್ರೆ ನಂಗೆ ಮೈಯೆಲ್ಲ ಉರಿಯುತ್ತೆ.

ಹೇರೋಹಳ್ಳಿಯಿಂದ ಗುರುದೇವಿ ಅನ್ನೋ ಹುಡುಗಿ ತನ್ನಜ್ಜಿ ಹಾಲವ್ವನ್ನ ಕರ್ಕೊಂಡು ಬಂದ್ಲು. ಗದಗದ ಕಡೆಯವರು. ಅಜ್ಜಿ ಹರೆಯದಲ್ಲಿ ನಾಟಕ ಕಂಪನೀಲಿ ಹಾಡ್ತಿದ್ರಂತೆ. ಅವರದ್ದು ಅಂತ ಹೊರಗೆ ಬಂದದ್ದು ಒಂದೇ ಪ್ಲೇಟು, ಅದರಲ್ಲೊಂದು ಜೋಗುಳ. ಈಗ ಗಂಟಲು ಆಪರೇಷನ್ ಆಗಿ ಪಿಸುಮಾತಷ್ಟೇ ಉಳಿದಿದೆ.

"ನಮ್ಮನ್ಯಾಗ ಹುಟ್ಟಿದ ಕೂಸಿಗೆಲ್ಲಾ ಅಜ್ಜೀನ ಹಾಡಿ ತೊಟ್ಲಕ್ಕ ಹಾಕ್ಯಾಳ್ರೀ ಅಕ್ಕಾರ," ಅಂದ್ಲು ಗುರುದೇವಿ. "ಐತವಾರ ನನ್ನ ಕೂಸಿಂದು ತೊಟ್ಲ ಕಾರ್ಯ. ಅಜ್ಜಿ ದನೀನ ಬೇಕು, ಬ್ಯಾರೇದು ಬ್ಯಾಡ."

ಪ್ಲೇಟು ಇಸ್ಕೊಂಡು ಮುತುವರ್ಜಿಯಿಂದ ಮಾಡಿಟ್ಟೆ. ಅವರು ಮತ್ತೆ ಬಂದಾಗ ಸ್ಪೀಕರ್‌ನಲ್ಲಿ ಹಾಕಿದೆ. ಗುರುದೇವಿ ಕಣ್ಣರಳಿಸಿ, "ಅಜ್ಜೀನ ರೀ! ಹಿಂಗ ಇತ್ತು ದನಿ" ಅಂದ್ಲು. ಹಾಲವ್ವ ಮಾತ್ರ ತಲೆ ಅಲ್ಲಾಡಿಸಿದ್ರು.

"ಇದು ನಂದಲ್ಲ."

"ಮತ್ತೆ ಪಕ್ಕದ್ಮನೆಯೋರ್ದಾ?" ಅಂದೆ.

ಹಾಲವ್ವ ನನ್ನ ಸೆರಗು ಹಿಡಿದು ಎಳೆದ್ರು. "ಕರಿ ನಾಕು. ನಂದು ಕರಿ ನಾಕು, ಯವ್ವಾ."

ನಂಗೆ ರೇಗಿಹೋಯ್ತು. "ನಾಲ್ಕೆಲ್ಲಿಂದ ಬಂತಮ್ಮ? ನೀವು ಕೊಟ್ಟಿದ್ದು ಒಂದೇ ಕರೀ ಪ್ಲೇಟು! ಇನ್ಮೂರನ್ನ ನಾನೇನು ನುಂಗ್ಬಿಟ್ನಾ?"

ಹಾಲವ್ವ ಗಾಳೀಲೇ ಬೆರಳು ಒತ್ತಿ ತೋರಿಸಿದ್ರು. ಕಣ್ಣಲ್ಲಿ ನೀರು ಬಂತು. ಗುರುದೇವಿ ಪಾಪ ನಗಬೇಕೋ ಅಳಬೇಕೋ ತಿಳೀದೆ, "ಪ್ಲೇಟ್ ಅಲ್ರೀ ಅಕ್ಕಾರ, ಪೆಟಗಿ ಪಟ್ಟಿ! ಹಾರ್ಮೋನಿಯಂದಾಗಿನ ನಾಕನೇ ಕರೀ ಪಟ್ಟಿ. ಅದು ಆಕಿ ಸುರ" ಅಂದ್ಲು.

ಅಯ್ಯೋ ನನ್ನ ಹಣೆಬರಹವೇ! ನಮ್ ಕಡೆ ಐದು ಮನೆ ಶ್ರುತಿ, ಐದೂವರೆ ಮನೆ ಅಂತೀವಿ. ಈ ಕರಿ ಬಿಳಿ ಲೆಕ್ಕ ನಂಗೇನು ಗೊತ್ತು?

ಗುರುದೇವಿ ಮೊಬೈಲಲ್ಲೇ ಹಾರ್ಮೋನಿಯಂ ತೆಗೆದು ಕೊಟ್ಲು. ಹಾಲವ್ವ ನಾಲ್ಕನೇ ಕರೀ ಪಟ್ಟಿ ಒತ್ತಿ ಹಿಡಿದು ನನ್ನ ಮುಖ ನೋಡಿದ್ರು. ನಾನು ಜೋಗುಳ ಮತ್ತೆ ಹಾಕಿದೆ. ಹೊಂದಲಿಲ್ಲ. ಅದರ ಎಡಗಡೆ, ಒಂದು ಮೆಟ್ಟಿಲು ಕೆಳಗಿನ ಬಿಳೀ ಪಟ್ಟಿ ಒತ್ತಿದ್ರು, ಹಾಡು ಅಲ್ಲಿ ಹೋಗಿ ಸರಿಯಾಗಿ ಕೂತ್ಕೊಳ್ತು.

ಪ್ಲೇಯರಿನ ತಟ್ಟೆ ಎತ್ತಿ ನೋಡಿದ್ರೆ ಅದನ್ನ ತಿರುಗಿಸೋ ರಬ್ಬರ್ ಬೆಲ್ಟು ಸಡಿಲವಾಗಿದೆ. ಪ್ಲೇಟು ನಿಧಾನವಾಗಿ ತಿರುಗಿದ್ರೆ ಶ್ರುತಿ ಇಳಿಯುತ್ತೆ, ದನಿ ದಪ್ಪಗಾಗುತ್ತೆ. ಹರೆಯದ ಹಾಲವ್ವನ್ನ ನಾನು ಮುದುಕಿ ಮಾಡಿಟ್ಟಿದ್ದೆ. ಗುರುದೇವಿ ಕೇಳಿದ್ದೆಲ್ಲ ವಯಸ್ಸಾದ ಮೇಲಿನ ದನಿಯೇ ತಾನೇ, ಅದಕ್ಕೇ ಅವಳು ಒಪ್ಕೊಂಡಿದ್ಲು.

"ತಪ್ಪಾಯ್ತಮ್ಮ," ಅಂದೆ. ನನ್ನ ಬಾಯಲ್ಲಿ ಆ ಮಾತು ಬರೋದು ಅಪರೂಪ.

ಹೊಸ ಬೆಲ್ಟ್ ತಂದು ಹಾಕಿ, ಅವರಿಬ್ಬರನ್ನೂ ಎದುರಿಗೇ ಕೂರಿಸ್ಕೊಂಡು ಮೊದಲಿಂದ ರೆಕಾರ್ಡ್ ಮಾಡಿದೆ. ಈ ಸಲ ದನಿ ಕರಿ ನಾಕಕ್ಕೆ ಏರಿತು. ತೆಳ್ಳಗೆ, ಚುರುಕಾಗಿ, ಸ್ವಲ್ಪ ತುಂಟತನವೂ ಇತ್ತು. ಗುರುದೇವಿ ಬಾಯಿಗೆ ಕೈ ಅಡ್ಡ ಇಟ್ಕೊಂಡು, "ಯವ್ವಾ, ಇಕಿ ಯಾರಽ!" ಅಂದ್ಲು. ಹಾಲವ್ವನ ತುಟಿ ಪದ ಪದಕ್ಕೂ ಆಡ್ತಿತ್ತು. "ಇನ್ನೊಮ್ಮೆ ಹಚ್ಚವಾ" ಅಂತ ಕೇಳಿಸ್ಕೊಂಡಿದ್ದೇ ಕೇಳಿಸ್ಕೊಂಡಿದ್ದು. ನಂಗೆ ಆಗ ಆದಷ್ಟು ಖುಷಿ ಈಚೆಗೆ ಯಾವ ಕೆಲಸದಲ್ಲೂ ಆಗಿರ್ಲಿಲ್ಲ.

ಭಾನುವಾರ ನನ್ನನ್ನೂ ಕರೆದಿದ್ರು. ರಸ್ತೆ ಗುಂಡಿ ದಾಟ್ಕೊಂಡು ಹೋದೆ. ಮನೆ ತುಂಬ ಹೆಂಗಸರು. ಸ್ಪೀಕರ್‌ನಲ್ಲಿ ಜೋಗುಳ ಶುರುವಾಯ್ತು, ಹಾಲವ್ವ ತೊಟ್ಟಿಲು ತೂಗಿದ್ರು. ಕೂಸು ನಿದ್ದೆ ಮಾಡೋದಿರಲಿ, ಕಣ್ಣು ಪಿಳಿಪಿಳಿ ಬಿಟ್ಕೊಂಡು ಕೇಳ್ತಾ ಇತ್ತು.

ಬಾಗಿಲ ಹತ್ರ ಯಾರೋ, "ಎಷ್ಟ್ ಚೆನ್ನಾಗಿ ಹಾಡಿದಾರೆ! ಯಾರ್ರೀ ಇವ್ರು?" ಅಂತ ಕೇಳಿದ್ರು.

ಗುರುದೇವಿ ಹೇಳೋಕೆ ಬಾಯಿ ತೆರೆದ್ಲು. ಹಾಲವ್ವ ಕೈ ಅಡ್ಡ ಮಾಡಿ ತಡೆದ್ರು. ಒಂದ್ಸಲ ಉಸಿರು ತುಂಬ್ಕೊಂಡು, ಒಡಕು ದನೀಲಿ, ಬಾಗಿಲ ತನಕ ಕೇಳೋ ಹಾಗೆ ಅಂದ್ರು:

"ನಾನು."