ಅತ್ತೆಯ ಬಟ್ಟಲು

ಎರಡು ಮನೆತನದವರೂ ಒಂದೇ ದಿನ ಕೂಟ ಇಟ್ಟುಕೊಳ್ಳಬೇಡಿ ಎಂದು ನಾನು ಚಳಿಗಾಲದಲ್ಲೇ ಹೇಳಿದ್ದೆ. ಯಾರು ಕೇಳುತ್ತಾರೆ? ಆಗಸ್ಟ್ ಹದಿನೈದು ಕೆನಡಾದ ಈ ಕರಾವಳಿಯಲ್ಲಿ ಫ್ರೆಂಚ್ ಮಾತಾಡುವ ನಮ್ಮ ಅಕಾಡಿಯನ್ನರ ಹಬ್ಬ. ಅದನ್ನು ಬಾಬಿನೋಗಳೂ ಬಿಟ್ಟುಕೊಡಲಿಲ್ಲ, ಕೊರ್ಮಿಯೆಗಳೂ ಬಿಟ್ಟುಕೊಡಲಿಲ್ಲ. ಬಾಬಿನೋ ಸಂಘದವರು ನಮ್ಮೂರಿನ ಐಸ್-ಹಾಕಿ ಆಡುವ ಸಭಾಂಗಣ ಹಿಡಿದರು. ಕೊರ್ಮಿಯೆ ಸಂಘದವರು ಪಕ್ಕದೂರಿನ ಚರ್ಚಿನ ನೆಲಮಾಳಿಗೆ ಹಿಡಿದರು. ನಡುವೆ ಸಮುದ್ರದಂಚಿನ ಒಂದೇ ಒಂದು ರಸ್ತೆ. ಅಂದು ಬೆಳಗ್ಗೆ ಎದ್ದಾಗಿನಿಂದ ನನ್ನ ಮನಸ್ಸು ಆ ರಸ್ತೆಯ ಮೇಲೇ ಹೋಗಿ ಬಂದು ಮಾಡುತ್ತಿತ್ತು.

ನಾನು ದೆಲಿಮಾ, ಆಲ್ದೆರಿಕ್ ಬಾಬಿನೋನ ವಿಧವೆ. ಅವನು ತೀರಿಕೊಂಡ ಮೇಲೂ ಅವನ ತಾಯಿ ಒಬೆಲಿನ್ ಅವರ ಜೊತೆ, ಅವರ ಮನೆಯಲ್ಲೇ ಇದ್ದೇನೆ. ಅತ್ತೆಗೆ ತೊಂಬತ್ತು ದಾಟಿದೆ. ಕಾಲು ಹೋಗಿದೆ, ನಾಲಿಗೆ ಹೋಗಿಲ್ಲ. ಅವರ ಮಗಳು ಒಟ್ಟಾವಾದಲ್ಲಿದ್ದಾಳೆ. ನಾನು ಈ ಮನೆ ಬಿಟ್ಟ ಮರುದಿನವೇ ಅವಳು ಬಂದು ತಾಯಿಯನ್ನು ವೃದ್ಧಾಶ್ರಮಕ್ಕೆ ಸೇರಿಸುತ್ತಾಳೆ. ಹಾಗೆಂದು ಅವಳೇ ಫೋನಿನಲ್ಲಿ ಹೇಳಿದ್ದಾಳೆ, ಬಹಳ ಪ್ರೀತಿಯಿಂದ.

ಮನೆ ಬಿಡುವ ಮಾತು ಯಾಕೆ ಬಂತೆಂದರೆ ಉಸ್ತಾಶ್ ಕೊರ್ಮಿಯೆಯಿಂದ. ಅವನೂ ಹೆಂಡತಿ ಕಳೆದುಕೊಂಡವನು. ಲಾಬ್‌ಸ್ಟರ್ ಹಿಡಿಯುವ ದೋಣಿಯನ್ನು ಮಾರಿ ಈಗ ಒಂದು ನಾಯಿ ಸಾಕಿಕೊಂಡು ಅಂಗಳದಲ್ಲಿ ಟೊಮ್ಯಾಟೊ ಬೆಳೆಯುತ್ತಾನೆ. ಜೂನ್ ಕೊನೆಯಲ್ಲಿ ನನ್ನ ಬೇಲಿ ಸರಿಮಾಡುವ ನೆಪದಲ್ಲಿ ಬಂದವನು, ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಹೇಳಿದ:

"ನೋಡು ದೆಲಿಮಾ, ನಂಗೆ ಮಾತು ಬರಲ್ಲ. ಹದಿನೈದನೇ ತಾರೀಕು ನಮ್ಮ ಪಾತ್ರೆಗೆ ಬಾ. ಒಂದು ಬಟ್ಟಲು ತಿಂದ್ರೆ ಆಯ್ತು, ನಂಗೆ ಗೊತ್ತಾಗುತ್ತೆ. ಬರ್ಲಿಲ್ಲ ಅಂದ್ರೂ ಗೊತ್ತಾಗುತ್ತೆ. ಆಮೇಲೆ ನಾನು ಈ ಸುದ್ದಿ ಎತ್ತಲ್ಲ. ಚಳಿಗಾಲಕ್ಕೆ ಮಗಳ ಹತ್ರ ಹೊರಟು ಹೋಗ್ತೀನಿ."

ನಮ್ಮ ಕರಾವಳಿಯಲ್ಲಿ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಕೂಟದ ದಿನ ಪ್ರತಿ ಮನೆತನಕ್ಕೂ ಅದರದೇ ಫ್ರಿಕೊ ಸಾರಿನ ಪಾತ್ರೆ: ಕೋಳಿ, ಆಲೂಗಡ್ಡೆ, ಈರುಳ್ಳಿ, ಸಾರಿಯೆತ್ ಸೊಪ್ಪು. ಆ ಮನೆತನದ ಗಂಡಸರು, ಅವರ ಮಕ್ಕಳು, ಅಲ್ಲಿಗೆ ಸೊಸೆಯಾಗಿ ಬಂದವರು ಮಾತ್ರ ಆ ಪಾತ್ರೆಯಿಂದ ತಿನ್ನುತ್ತಾರೆ. ಹೆಂಗಸೊಬ್ಬಳು ಬೇರೆ ಮನೆತನದ ಪಾತ್ರೆಯಿಂದ ತಿಂದಳೆಂದರೆ ಆಮೇಲೆ ಉಂಗುರ ತೋರಿಸುವ ಅಗತ್ಯವಿಲ್ಲ, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿರುತ್ತದೆ.

ಬೇರೆ ಯಾವ ಮನೆತನವಾಗಿದ್ದರೂ ಅತ್ತೆಗೆ ಹೇಗೋ ಹೇಳಬಹುದಿತ್ತು. ಆದರೆ ಕೊರ್ಮಿಯೆ ಅತ್ತೆಯ ತವರು. ಉಸ್ತಾಶ್, ಅತ್ತೆಯ ಅಣ್ಣ ಲೆಯಾಂದ್ರನ ಮಗ. ಮೂವತ್ತು ವರ್ಷದ ಹಿಂದೆ ಕೊರ್ಮಿಯೆಗಳು ಮೊದಲ ಕೂಟ ಮಾಡಿದಾಗ ಅತ್ತೆ ಹೊಸ ಅಂಗಿ ಹೊಲಿಸಿಕೊಂಡು, ಬಟ್ಟಲು ಹಿಡಿದು ಹೋಗಿ ಸಾಲಿನಲ್ಲಿ ನಿಂತಿದ್ದರು. ಸೌಟು ಹಿಡಿದಿದ್ದ ಲೆಯಾಂದ್ರ ಎಲ್ಲರ ಮುಂದೆ ನಗುತ್ತಾ, "ಏನಮ್ಮಾ, ದಾರಿ ತಪ್ಪಿತಾ? ನಿನ್ನ ಪಾತ್ರೆ ಬಾಬಿನೋಗಳ ಹತ್ರ ಇರೋದು" ಎಂದ. ಅವನಿಗೆ ಅದು ತಮಾಷೆ. ಅತ್ತೆ ಖಾಲಿ ಬಟ್ಟಲು ಹಿಡಿದು ಮನೆಗೆ ಬಂದರು. ಲೆಯಾಂದ್ರ ಸತ್ತಾಗ ಹೂವು ಕಳಿಸಿದರು, ತಾವು ಹೋಗಲಿಲ್ಲ. "ಆ ಪಾತ್ರೆ ಮುಟ್ಟಿದವರು ನನ್ನ ಹೊಸ್ತಿಲು ದಾಟಬಾರದು" ಎಂಬ ಮಾತು ನಮ್ಮ ಮನೆಯಲ್ಲಿ ಜಪಮಾಲೆಯ ಪ್ರಾರ್ಥನೆಯಷ್ಟೇ ಹಳೆಯದು.

ಅಂದು ಬೆಳಗ್ಗೆ ಅತ್ತೆ ಮೇಜಿನ ಹತ್ತಿರ ಕುಳಿತು ಫ್ರಿಕೊಗೆ ಹಾಕುವ ಹಿಟ್ಟಿನ ಉಂಡೆ ಕಟ್ಟುತ್ತಿದ್ದರು. ನಾನು ಒರೆಸಿದ ಒಲೆಯನ್ನೇ ಮತ್ತೆ ಒರೆಸುತ್ತಿದ್ದೆ.

"ಅದಕ್ಕೆ ತೂತು ಬೀಳುತ್ತೆ ಕಣೇ," ಎಂದರು ಅತ್ತೆ. "ಏನಾಗಿದೆ ನಿಂಗೆ? ಬಾಲ ಸುಟ್ಟ ಬೆಕ್ಕಿನ ಹಾಗೆ ಸುತ್ತಾಡ್ತಿದೀಯ."

"ಏನಿಲ್ಲ ಅತ್ತೆ. ತುಂಬ ಜನ ಬರ್ತಾರಲ್ಲ, ಸಾಕಾಗುತ್ತೋ ಇಲ್ವೋ ಅಂತ."

"ಜನ ವರ್ಷಾ ವರ್ಷಾ ಬರ್ತಾರೆ. ನೀನು ಯಾವ ವರ್ಷ ತುಟಿಗೆ ಬಣ್ಣ ಹಚ್ಚಿದ್ದೆ?"

ನಾನು ಕೈಬೆನ್ನಿನಿಂದ ತುಟಿ ಒರೆಸಿಕೊಂಡೆ. ಅತ್ತೆ ತಲೆ ಎತ್ತಲಿಲ್ಲ. ಹೊರಡುವಾಗ ಅವರು ನೀಲಿ ಅಂಚಿನ, ಪಿಂಗಾಣಿ ಬಳಿದ ಹಳೆಯ ತಗಡಿನ ಬಟ್ಟಲನ್ನು ಚೀಲಕ್ಕೆ ಹಾಕಿಕೊಳ್ಳುವುದು ಕಂಡಿತು. ಅಲ್ಲಿ ಕಾಗದದ ಬಟ್ಟಲು ಕೊಡುತ್ತಾರೆ ಅಂದೆ. "ಕಾಗದದಲ್ಲಿ ತಿಂದ್ರೆ ಕಾಗದದ ರುಚಿ ಬರುತ್ತೆ" ಅಂದರು. ನಾನು ಅದನ್ನು ಅಲ್ಲಿಗೇ ಮರೆತೆ. ನನ್ನ ತಲೆಯಲ್ಲಿ ಬೇರೆ ಬಟ್ಟಲಿತ್ತು.

ಸಭಾಂಗಣದ ಗೋಡೆ ಸುತ್ತ ಬಾಬಿನೋ ವಂಶವೃಕ್ಷ ಅಂಟಿಸಿದ್ದರು. ಒಂದು ತುದಿಯ ಗೋಲ್ ಬಲೆಯಿಂದ ಇನ್ನೊಂದು ತುದಿಯ ಗೋಲ್ ಬಲೆಯವರೆಗೂ ಕೊಂಬೆಗಳೇ. ಜನ ಬೆರಳಿಟ್ಟುಕೊಂಡು ತಮ್ಮನ್ನು ತಾವೇ ಹುಡುಕುತ್ತಿದ್ದರು. ಲೂಯಿಸಿಯಾನಾದಿಂದ ಬಂದ ಒಬ್ಬ ದಪ್ಪನೆಯ ಗಂಡಸು ತನ್ನ ಮುತ್ತಜ್ಜನ ಹೆಸರು ಸಿಕ್ಕಿತೆಂದು ಅಳುತ್ತಿದ್ದ, ಅವನ ಹೆಂಡತಿ ಅವನ ಫೋಟೊ ತೆಗೆಯುತ್ತಿದ್ದಳು. ವೃಕ್ಷ ನೋಡಿಕೊಳ್ಳುವವರು ನಿವೃತ್ತ ಮೇಷ್ಟರು ಮೋಯಿಸ್. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ನಾನು ಸೌಟು ಹಿಡಿದು ನಿಂತಿದ್ದ ಪಾತ್ರೆಯ ಹತ್ತಿರ ಬಂದರು.

"ಏನಮ್ಮ ದೆಲಿಮಾ, ನಿಮ್ಮ ಕೊಂಬೇಲಿ ಹುಟ್ಟು, ಸಾವು, ಮದುವೆ ಏನಾದ್ರೂ?"

"ಏನಿಲ್ಲ ಮೇಷ್ಟ್ರೇ."

"ನಿಜವಾಗ್ಲೂ? ಪಕ್ಕದೂರಲ್ಲಿ ಏನೋ ಟೊಮ್ಯಾಟೊ ಚೆನ್ನಾಗಿ ಹಣ್ಣಾಗಿದೆ ಅಂತ ಕೇಳಿದ್ದೆ."

ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ರೊಸೆಲ್ಲಾ ಕಿಸಕ್ಕನೆ ನಕ್ಕಳು. ರೊಸೆಲ್ಲಾ ದೂರದ ಸಂಬಂಧದಲ್ಲಿ ನನ್ನ ಓರಗಿತ್ತಿ. ಅವಳಿಗೆ ಗೊತ್ತಿದ್ದರೆ ಕೆನಡಾಕ್ಕೆಲ್ಲ ಗೊತ್ತು. ನಾನು ಸೌಟನ್ನು ಅವಳ ಕೈಗಿಟ್ಟು ಹೊರಗೆ ಹೋದೆ. ಕಾರಿನ ಬಾಗಿಲು ತೆಗೆದೆ. ಕೂತೆ. ರಸ್ತೆಯುದ್ದಕ್ಕೂ ಕಂಬಗಳಿಗೆ ನಮ್ಮ ಬಾವುಟದ ನೀಲಿ, ಬಿಳಿ, ಕೆಂಪು ಬಳಿದು ಹಳದಿ ನಕ್ಷತ್ರ ಬರೆದಿದ್ದರು. ಕೀಲಿ ತಿರುಗಿಸಿದರೆ ಹತ್ತು ನಿಮಿಷದ ದಾರಿ. ಅತ್ತೆಯ ಹಾಸಿಗೆ, ಅತ್ತೆಯ ಔಷಧಿ, ರಾತ್ರಿ ಅವರು ಗೋಡೆ ತಟ್ಟಿದರೆ ನಾನು ಇತ್ತಿಂದ ತಟ್ಟುವುದು, ಎಲ್ಲವೂ ಕಣ್ಣ ಮುಂದೆ ಬಂತು. ಇಳಿದು ಒಳಗೆ ಬಂದೆ. ಸೌಟು ಹಿಡಿದೆ. ಮತ್ತೆ ಕೆಳಗಿಟ್ಟೆ.

"ಹೋಗ್ತೀಯೋ ಇರ್ತೀಯೋ ಒಂದು ಮಾಡಕ್ಕ," ಎಂದಳು ರೊಸೆಲ್ಲಾ. "ನಿನ್ನ ನೋಡಿ ನೋಡಿ ನಂಗೆ ತಲೆ ಸುತ್ತುತ್ತಿದೆ."

ಮಧ್ಯಾಹ್ನದ ಊಟದ ಗಂಟೆಗೆ ಇನ್ನು ಸ್ವಲ್ಪವೇ ಹೊತ್ತಿತ್ತು. ನಾನು ತೀರ್ಮಾನ ಮಾಡಿಬಿಟ್ಟೆ. ಒಂದು ಕಾಗದದ ಬಟ್ಟಲು ತೆಗೆದುಕೊಂಡು ಬಾಬಿನೋ ಪಾತ್ರೆಯಿಂದ ತುಂಬಿಸಿಕೊಂಡೆ. ಇದನ್ನು ತಿಂದು ಮುಗಿಸಿದರೆ ಅಲ್ಲಿಗೆ ಮುಗಿಯಿತು, ಇನ್ನು ಚಡಪಡಿಸುವುದಕ್ಕೆ ಏನೂ ಉಳಿಯುವುದಿಲ್ಲ. ಉಸ್ತಾಶ್ ಟೊಮ್ಯಾಟೊ ಬೇರೆಯವರಿಗೆ ಕೊಡಲಿ. ಚಮಚ ಬಾಯಿಯ ಹತ್ತಿರ ತಂದಿದ್ದೆ, ಅಷ್ಟರಲ್ಲಿ ಮೈಕು ಕಿರುಚಿತು.

ಊಟಕ್ಕೆ ಮುಂಚೆ ಮನೆತನದ ಅತಿ ಹಿರಿಯರು ಎದ್ದು ತಮ್ಮ ಸಾಲು ಹೇಳುವುದು ವಾಡಿಕೆ. ನಮ್ಮಲ್ಲಿ ಅಡ್ಡಹೆಸರು ಯಾರಿಗೂ ಬೇಡ, ಎಲ್ಲರದೂ ಒಂದೇ ಆಗಿರುತ್ತದೆ. ಅಜ್ಜನ, ಅಪ್ಪನ ಹೆಸರು ಹಿಡಿದೇ ಗುರುತು. ಹೆಂಗಸಾದರೆ ಗಂಡನ ಸಾಲು. ಹೋದ ಕೂಟದಲ್ಲಿ ಅತ್ತೆ, "ಮಾಕ್ಸಿಮನ ಪಾಸಿಫಿಕನ ಒಬೆಲಿನ್" ಎಂದು ಚೊಕ್ಕವಾಗಿ ಹೇಳಿದ್ದರು. ಈ ಸಲ ಮೇಷ್ಟರು ಮೈಕನ್ನು ಗಾಲಿಕುರ್ಚಿಯ ಹತ್ತಿರ ಬಗ್ಗಿಸಿದರು. ಅತ್ತೆ ಗಂಟಲು ಸರಿಮಾಡಿಕೊಂಡರು.

"ನಾನು ಸಿರಿಯಾಕನ ಥದ್ದೇಯನ ಇಲೇರನ ಒಬೆಲಿನ್," ಎಂದರು. "ಕೊರ್ಮಿಯೆ."

ಇಡೀ ಸಭಾಂಗಣ ಗಾಲಿಕುರ್ಚಿಯ ಕಡೆ ತಿರುಗಿತು. ಯಾರದೋ ಮಗು ಅತ್ತಿತು. ಮೇಷ್ಟರು ಬಗ್ಗಿ ಮೆಲ್ಲಗೆ, "ಒಬೆಲಿನಮ್ಮ, ಅದು ತವರಿನ ಸಾಲು. ಇದು ಬಾಬಿನೋ ಕೂಟ" ಎಂದರು. ಮೈಕು ಅದನ್ನೂ ಊರಿಗೆಲ್ಲ ಕೇಳಿಸಿತು.

"ಮೇಷ್ಟ್ರೇ, ನನ್ನಪ್ಪ ಯಾರು ಅಂತ ನಿಮಗೆ ಚೆನ್ನಾಗಿ ಗೊತ್ತೋ, ನಂಗೋ? ಎಪ್ಪತ್ತು ವರ್ಷ ನಿಮ್ಮ ಸಾಲು ಹೇಳಿದೀನಿ, ನಿಮ್ಮ ಉಂಡೆ ಕಟ್ಟಿದೀನಿ. ಒಂದು ಸಲ ನಂದು ಹೇಳಿದ್ರೆ ಗೋಡೆ ಬಿದ್ದು ಹೋಗುತ್ತಾ?"

ವಯಸ್ಸಾಯಿತು, ತಲೆ ಕೆಟ್ಟಿದೆ ಎಂದು ಹಿಂದೆ ಯಾರೋ ಅಂದರು. ನಾನು ಬಟ್ಟಲು ಇಟ್ಟು ಓಡಿ ಹೋದೆ. ಅತ್ತೆಯ ತಲೆ ನನ್ನದಕ್ಕಿಂತ ಚೆನ್ನಾಗಿದೆ ಎಂದು ಕಣ್ಣು ನೋಡಿದರೇ ಗೊತ್ತಾಗುತ್ತಿತ್ತು.

"ನಡಿ," ಎಂದರು. "ಕಾರು ತೆಗಿ."

"ಎಲ್ಲಿಗೆ ಅತ್ತೆ?"

"ನೀನು ಬೆಳಗ್ಗೆಯಿಂದ ಎಲ್ಲಿಗೆ ಹೋಗ್ದೇ ಒದ್ದಾಡ್ತಿದೀಯೋ ಅಲ್ಲಿಗೆ."

ಅವರನ್ನು ಎತ್ತಿ ಕೂರಿಸಿ, ಗಾಲಿಕುರ್ಚಿ ಮಡಚಿ ಹಿಂದೆ ಹಾಕಿ ಕಾರು ತೆಗೆದೆ. ಅರ್ಧ ದಾರಿ ಹೋದ ಮೇಲೆ ಕೇಳಿದೆ, "ನಿಮಗೆ ಯಾವಾಗ ಗೊತ್ತಾಯ್ತು?"

"ಅವನು ಸರಿಮಾಡಿದ ಬೇಲಿ ನೆಟ್ಟಗೇ ಇತ್ತು. ನೆಟ್ಟಗಿರೋ ಬೇಲೀನ ಯಾವ ಗಂಡಸು ಮೂರು ದಿನ ಸರಿಮಾಡ್ತಾನೆ? ನಾನು ಕಿಟಕಿ ಹತ್ರ ಕೂರೋದು ಕುರುಡಿ ಅಂತಲ್ಲ."

"ಮತ್ತೆ ನೀವೇ ಆ ಪಾತ್ರೆ ಮುಟ್ಟಿದವರು ಅಂತ..."

"ನಾನು ಅಂದದ್ದು ನಿಜ. ನಿಂಗೆ ಹೋಗೋಕೆ ನೆಪ ಬೇಕಿತ್ತು, ನಂಗೆ ಕಾಲು ಬೇಕಿತ್ತು. ಮಾತಾಡದೆ ಓಡಿಸು, ಗಂಟೆ ಹೊಡೀತಾರೆ."

ಚರ್ಚಿನ ನೆಲಮಾಳಿಗೆಗೆ ಇಳಿಜಾರು ದಾರಿ ಇತ್ತು, ಸದ್ಯ. ಕೊರ್ಮಿಯೆಗಳ ಸಾಲು ಬಾಗಿಲವರೆಗೂ ನಿಂತಿತ್ತು. ನಮ್ಮನ್ನು ನೋಡಿ ಒಬ್ಬೊಬ್ಬರೇ ಪಕ್ಕಕ್ಕೆ ಸರಿದರು. ಅತ್ತೆ, "ಸಾಲಲ್ಲೇ ನಿಲ್ಲಿಸು, ನಾನೇನು ಬಿಷಪ್ಪಾ?" ಎಂದರು. ನಿಂತೆವು. ಪಾತ್ರೆಯ ಹಿಂದೆ ಸೌಟು ಹಿಡಿದವಳು ಉಸ್ತಾಶನ ತಂಗಿ ಎಲ್ಮಿರ್. ನಮ್ಮ ಸರದಿ ಬಂದಾಗ ಅತ್ತೆ ಚೀಲದಿಂದ ನೀಲಿ ಅಂಚಿನ ಬಟ್ಟಲು ತೆಗೆದು ಚಾಚಿದರು. ಆಗ ನನಗೆ ಗುರುತು ಹತ್ತಿತು. ಮೂವತ್ತು ವರ್ಷದ ಹಿಂದೆ ಖಾಲಿ ತಂದದ್ದು ಇದೇ ಬಟ್ಟಲು.

ಎಲ್ಮಿರ್‌ಳ ಸೌಟು ಪಾತ್ರೆಯೊಳಗೇ ನಿಂತಿತು. "ಅತ್ತೆ... ನೀವು ಅಂದ್ರೆ... ಸಂಘದ ನಿಯಮದಲ್ಲಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳು..."

ಅವಳ ಹಿಂದಿನಿಂದ ಉಸ್ತಾಶ್ ಬಂದ. ಇಸ್ತ್ರಿ ಮಾಡಿದ ಅಂಗಿ, ಕಾಲರಿನ ಗುಂಡಿ ಬಿಗಿದು ಮುಖ ಕೆಂಪಾಗಿತ್ತು. ನನ್ನನ್ನು ನೋಡಿದ, ಬಟ್ಟಲನ್ನು ನೋಡಿದ. ಅತ್ತೆಯೇ ಮಾತಾಡಿದರು.

"ನಿಮ್ಮಪ್ಪ ಅವತ್ತು ನನ್ನ ಪಾತ್ರೆ ಬೇರೆ ಕಡೆ ಇದೆ ಅಂದ. ಹೋಗಿ ನೋಡಿದೆ ಕಣಪ್ಪಾ. ಅಲ್ಲೂ ಇದೆ. ಇಲ್ಲೂ ಇದೆಯಾ ಅಂತ ಕೇಳೋಕೆ ಬಂದೆ."

ಉಸ್ತಾಶ್‌ಗೆ ಮಾತು ಬರುವುದಿಲ್ಲ ಎಂದು ಅವನೇ ಹೇಳಿದ್ದನಲ್ಲ. ತಂಗಿಯ ಕೈಯಿಂದ ಸೌಟು ಕಿತ್ತುಕೊಂಡು ಬಟ್ಟಲನ್ನು ಅಂಚಿನ ತನಕ ತುಂಬಿದ. ಸಾರು ತುಳುಕಿ ಅತ್ತೆಯ ಮಡಿಲ ಮೇಲೂ ಚೆಲ್ಲಿತು. ಅತ್ತೆ ಅಲ್ಲೇ, ಸಾಲು ತಡೆದು, ಮೂರು ಚಮಚ ತಿಂದರು. ನೆಲಮಾಳಿಗೆಯ ಜನವೆಲ್ಲ ಅವರ ಬಾಯಿಯನ್ನೇ ನೋಡುತ್ತಿದ್ದರು.

"ಉಪ್ಪಿಲ್ಲ," ಎಂದರು. "ಉಂಡೆಯೂ ಇಲ್ಲ. ಕೋಳಿ ಈ ಕಡೆಯಿಂದ ಹಾದು ಹೋದ ಹಾಗಿದೆ ಅಷ್ಟೇ."

ಮೊದಲು ನಕ್ಕವಳು ಎಲ್ಮಿರ್. ಆಮೇಲೆ ಎಲ್ಲರೂ. ಅತ್ತೆ ಮಾತ್ರ ನಗಲಿಲ್ಲ, ಮೂಗು ಒರೆಸಿಕೊಂಡು ತಿನ್ನುತ್ತಲೇ ಇದ್ದರು. ಸ್ವಲ್ಪ ಹೊತ್ತಾದ ಮೇಲೆ ಅರ್ಧ ಉಳಿದ ಬಟ್ಟಲನ್ನು ನನ್ನ ಕಡೆ ಚಾಚಿದರು.

"ತಗೋ. ಬೇಡ ಅಂದ್ರೆ ಬಲವಂತ ಇಲ್ಲ. ತಿಂದ್ರೆ ಏನಾಗುತ್ತೆ ಅಂತ ಗೊತ್ತಿದ್ದೇ ಕೊಡ್ತಿದೀನಿ."

ಆ ಬಟ್ಟಲು ಹಿಡಿದಿದ್ದರೆ ಸುಲಭವಾಗುತ್ತಿತ್ತು. ಮುದುಕಿ ಕೊಟ್ಟರು, ತಿಂದೆ ಎಂದು ನಾಳೆ ಯಾರಿಗಾದರೂ ಹೇಳಬಹುದಿತ್ತು, ನನಗೆ ನಾನೇ ಕೂಡ. ನಾನು ಮೇಜಿನ ಮೇಲಿದ್ದ ರಾಶಿಯಿಂದ ಒಂದು ಬಟ್ಟಲು ತೆಗೆದೆ.

"ಅದು ನಿಮ್ಮದು ಅತ್ತೆ, ನೀವೇ ಮುಗಿಸಿ," ಎಂದೆ. "ಉಸ್ತಾಶ್, ನಂಗೆ ಬೇರೆ ಹಾಕು."

ಅವನು ಹಾಕಿದ. ನಿಂತುಕೊಂಡೇ ತಿಂದೆ. ಉಪ್ಪು ನಿಜವಾಗಿಯೂ ಇರಲಿಲ್ಲ.

"ಇನ್ನೊಂದು ಮಾತು," ಎಂದರು ಅತ್ತೆ ಅಣ್ಣನ ಮಗನಿಗೆ. "ಇವಳು ನನ್ನ ಮನೆಯಿಂದ ಕದಲಲ್ಲ. ನೀನೇ ಬಾ. ನಿನ್ನ ಕುರ್ಚಿ ತಾ. ನಾಯಿ ಮಾತ್ರ ಒಳಗೆ ಬರಕೂಡದು."

"ಅದು ಚಿಕ್ಕ ನಾಯಿ ಅತ್ತೆ," ಎಂದ ಉಸ್ತಾಶ್. ಆ ದಿನ ಅವನಾಡಿದ ಮೊದಲ ಮಾತು.

ಸಂಜೆ ಐದು ಐವತ್ತೈದಕ್ಕೆ ತೆಂತಮಾರ್. ಇಪ್ಪತ್ತನಾಲ್ಕು ಗಂಟೆಯ ಗಡಿಯಾರದಲ್ಲಿ ಅದು ಹದಿನೇಳು ಐವತ್ತೈದು, ಬ್ರಿಟಿಷರು ನಮ್ಮವರನ್ನು ಹಡಗಿಗೆ ತುಂಬಿ ಓಡಿಸಿದ ವರ್ಷ. ತಟ್ಟೆ, ಬಕೆಟ್ಟು, ಕಾರಿನ ಹಾರ್ನು, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತಾ ಬೀದಿಗೆ ಬಂದು ಇನ್ನೂ ಇದ್ದೇವೆ ಎಂದು ಗದ್ದಲ ಮಾಡುವುದು. ಬಾಬಿನೋಗಳು ಅತ್ತಿಂದ ಹೊರಟರು, ಕೊರ್ಮಿಯೆಗಳು ಇತ್ತಿಂದ. ಒಂದೇ ರಸ್ತೆ ಎಂದು ಚಳಿಗಾಲದಲ್ಲೇ ಹೇಳಿದ್ದೆನಲ್ಲ, ಮೀನಿನ ಕಾರ್ಖಾನೆಯ ಮುಂದೆ ಎರಡೂ ಮೆರವಣಿಗೆ ಮುಖಾಮುಖಿಯಾದವು. ಯಾರೂ ದಾರಿ ಬಿಡಲಿಲ್ಲ. ಉಸ್ತಾಶ್ ಗಾಲಿಕುರ್ಚಿ ತಳ್ಳುತ್ತಿದ್ದ. ಅತ್ತೆ ನೀಲಿ ಬಟ್ಟಲನ್ನು ಚಮಚದಿಂದ ಬಡಿಯುತ್ತಿದ್ದರು. ಅಂಚಿನ ಪಿಂಗಾಣಿ ಚಕ್ಕೆ ಚಕ್ಕೆಯಾಗಿ ಹಾರುತ್ತಿತ್ತು. ಮೇಷ್ಟರು ಜನರ ನಡುವೆ ನುಗ್ಗಿ ಬಂದು ನನ್ನ ಕಿವಿಯ ಹತ್ತಿರ ಕೂಗಿದರು.

"ನಿಮ್ಮನ್ನ ಯಾವ ಗೋಡೆ ಮೇಲೆ ಬರೀಲಿ ದೆಲಿಮಾ? ನಮ್ಮದರ ಮೇಲೋ, ಅವರದರ ಮೇಲೋ?"

"ಎರಡರ ಮೇಲೂ ಬರೀರಿ. ಅತ್ತೇನೂ ಸೇರಿಸಿ."

"ಹಾಗೆ ಮಾಡಿದ್ರೆ ಗೆರೆ ಎಲ್ಲಾ ಗೋಜಲಾಗುತ್ತೆ!"

"ಆಗ್ಲಿ ಬಿಡಿ," ಎಂದು ಪಾತ್ರೆಯ ಮುಚ್ಚಳ ಬಡಿದೆ. ಹಿಂದಿನಿಂದ ಅತ್ತೆ ನನ್ನ ಅಂಗಿ ಜಗ್ಗಿ, ಮನೆಯಲ್ಲಿ ಉಪ್ಪು ಇದೆಯೋ ಎಂದು ಕೇಳುತ್ತಿದ್ದರು. ನಾಳೆಯಿಂದ ಉಸ್ತಾಶನ ಬಾಯಿಗೆ ಉಪ್ಪಿನ ಅಭ್ಯಾಸ ಮಾಡಿಸಬೇಕಂತೆ.